ಚಿತ್ರ, ಶಿಲ್ಪ, ಒಡವೆ ಒಂದೇ ಸೂರಿನಡಿ: ಗ್ಯಾಲರಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಗ್ರೂಪ್ ಶೋಗಳನ್ನು ಜೋಡಿಸುವುದು, ಆಮೇಲೆ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಬಂದವರ ಜೊತೆ ಮಾತಾಡುವುದು ನನ್ನ ಕೆಲಸ. ಜನ ಕೇಳುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಇದೆ. ಕೆಲವರು ಫೋನಿನಲ್ಲಿ ಕೇಳಿದ್ದು, ಕೆಲವರು ಅಭಿಪ್ರಾಯದ ಪುಸ್ತಕದಲ್ಲಿ ಬರೆದು ಹೋಗಿದ್ದು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಮೊದಲ ಸಲ ಬರುವವರು

ಸುಮ್ನೆ ನೋಡ್ಕೊಂಡು ಹೋಗ್ಬಹುದಾ? ಟಿಕೆಟ್ ಎಷ್ಟು?

ಧಾರಾಳವಾಗಿ ನೋಡಿ. ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಗಾಜಿನ ಬಾಗಿಲು, ಒಳಗಿನ ಮೌನ ನೋಡಿ "ಇದು ನಮ್ಮಂಥವರಿಗಲ್ಲ" ಅಂತ ಮೆಟ್ಟಿಲಿಂದಲೇ ವಾಪಸ್ ಹೋದವರನ್ನು ಎಷ್ಟೋ ಸಲ ಕಂಡಿದ್ದೇನೆ. ಕೊಳ್ಳಲೇಬೇಕು ಅಂತೇನಿಲ್ಲ. ಬಂದವರಲ್ಲಿ ಹೆಚ್ಚಿನವರು ನೋಡಿಕೊಂಡೇ ಹೋಗುತ್ತಾರೆ. ವಾರದ ರಜೆ ಮಾತ್ರ ಒಂದೊಂದು ಕಡೆ ಒಂದೊಂದು ದಿನ, ಹೊರಡುವ ಮುಂಚೆ ಒಂದು ಫೋನ್ ಮಾಡಿ.

ಗ್ರೂಪ್ ಶೋ ಅಂದ್ರೆ ಸೇಲ್ ಥರಾನಾ?

ಅಲ್ಲ. ಒಬ್ಬರೇ ಕಲಾವಿದರ ಕೆಲಸ ಇದ್ದರೆ ಅದು ಸೋಲೊ ಶೋ. ಹಲವರ ಕೆಲಸ ಒಟ್ಟಿಗೆ ಇದ್ದರೆ ಗ್ರೂಪ್ ಶೋ. ಒಬ್ಬರನ್ನು ಆಳವಾಗಿ ನೋಡಬೇಕಾದರೆ ಸೋಲೊ ಒಳ್ಳೆಯದು. ಹೊಸಬರಿಗೆ ನಾನು ಗ್ರೂಪ್ ಶೋಗೇ ಬನ್ನಿ ಅನ್ನುತ್ತೇನೆ. ಹತ್ತು ಕೈಗಳ ಕೆಲಸ ಅಕ್ಕಪಕ್ಕ ಇದ್ದಾಗ ನಿಮಗೆ ಯಾವುದು ಹಿಡಿಸುತ್ತದೆ ಅಂತ ನಿಮಗೇ ಬೇಗ ಗೊತ್ತಾಗುತ್ತದೆ.

ಚಿತ್ರ ಸರಿ, ಶಿಲ್ಪ ಸರಿ. ಒಡವೆಗೇನು ಕೆಲಸ ಇಲ್ಲಿ? ಇದೇನು ಜ್ಯುವೆಲ್ಲರಿ ಅಂಗಡಿನಾ?

ಇದನ್ನು ಕೇಳದ ದಿನವೇ ಇಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಬೇಲೂರಿಗೆ ಹೋದವರು ನೆನಪು ಮಾಡಿಕೊಳ್ಳಿ. ಅಲ್ಲಿನ ಮದನಿಕೆಯರ ಮೈಮೇಲೆ ಸರ, ಡಾಬು, ತೋಳಬಂದಿ, ಕಾಲಂದುಗೆ ಎಲ್ಲವೂ ಕಲ್ಲಿನಲ್ಲೇ ಇವೆ. ಅದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಮೆದುತನ ಇದ್ದಿದ್ದಕ್ಕೇ ಶಿಲ್ಪಿ ಅಕ್ಕಸಾಲಿಗನ ಹಾಗೆ ಕೊರೆಯಲು ಆಯಿತು. ಒಡವೆಯ ವಿನ್ಯಾಸ ಗೊತ್ತಿಲ್ಲದ ಶಿಲ್ಪಿ ಆ ಕೆಲಸ ಮಾಡುವುದು ಸಾಧ್ಯವೇ ಇರಲಿಲ್ಲ ಅನ್ನಿಸುತ್ತದೆ ನನಗೆ.

ಇನ್ನು ಮೈಸೂರು ಸಾಂಪ್ರದಾಯಿಕ ಚಿತ್ರ. ದೇವಿಯ ಕಿರೀಟ, ಸರಗಳ ಜಾಗದಲ್ಲಿ ಮಕ್ಕಿ ಸಫೇದದ (ಬಿಳಿ ಪುಡಿಗೆ ಅಂಟು ಸೇರಿಸಿ ಮಾಡಿದ) ಲೇಪ ಹಚ್ಚಿ ಅದನ್ನು ತುಸು ಉಬ್ಬಿಸುತ್ತಾರೆ. ಅದರ ಮೇಲೆ ಚಿನ್ನದ ತೆಳು ಹಾಳೆ ಅಂಟಿಸುತ್ತಾರೆ. ಅಲ್ಲಿಗೆ ಬಣ್ಣ, ಉಬ್ಬು ಕೆಲಸ, ಚಿನ್ನ ಮೂರೂ ಒಂದೇ ಹಲಗೆಯ ಮೇಲೆ ಬಂದವು. ಅದನ್ನು ಚಿತ್ರ ಅನ್ನುತ್ತೀರಾ, ಶಿಲ್ಪ ಅನ್ನುತ್ತೀರಾ, ಒಡವೆ ಅನ್ನುತ್ತೀರಾ?

ಹೊರಗಿನ ಉದಾಹರಣೆಯೂ ಇದೆ. ಗಾಳಿಗೆ ತೂಗಾಡುವ ಶಿಲ್ಪಗಳಿಗೆ ಹೆಸರಾದ ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಹಿತ್ತಾಳೆ, ಬೆಳ್ಳಿ ತಂತಿಯನ್ನು ತಾವೇ ಬಡಿದು ಸುಮಾರು 1,800 ಒಡವೆ ಮಾಡಿದ್ದರು. ನಮ್ಮೂರಲ್ಲೇ ನೆಲೆಸಿರುವ ಬಾಲನ್ ನಂಬಿಯಾರ್ ದೊಡ್ಡ ಸ್ಟೀಲ್ ಶಿಲ್ಪಗಳನ್ನೂ ಮಾಡಿದ್ದಾರೆ, ಎನಾಮಲ್ ಚಿತ್ರಗಳನ್ನೂ ಮಾಡಿದ್ದಾರೆ. ಎನಾಮಲ್ ಅಂದರೆ ಲೋಹದ ಮೇಲೆ ಬಣ್ಣದ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಶಾಖದ ಕುಲುಮೆಯಲ್ಲಿ ಕರಗಿಸಿ ಕೂರಿಸುವುದು. ಒಡವೆ ಲೋಕದಲ್ಲಿ ಅದನ್ನೇ ಮೀನಾ ಕೆಲಸ ಅನ್ನುತ್ತಾರೆ. ಗೋಡೆಗೆ ಹಾಕಿದರೆ ಚಿತ್ರ, ಕಿವಿಗೆ ಹಾಕಿದರೆ ಓಲೆ, ಅಷ್ಟೇ ವ್ಯತ್ಯಾಸ.

ನಂಗೆ ಆರ್ಟ್ ಗೀರ್ಟ್ ಅರ್ಥ ಆಗಲ್ಲ. ಬಂದು ಏನ್ ಮಾಡ್ಲಿ?

ಗೋಡೆ ಮೇಲಿನ ಚೀಟಿಯನ್ನು ಮೊದಲು ಓದಬೇಡಿ. ಒಂದು ಸುತ್ತು ಬೇಗ ಬನ್ನಿ. ಯಾವುದೋ ಒಂದರ ಹತ್ತಿರ ಕಾಲು ತಾನಾಗಿ ನಿಲ್ಲುತ್ತದೆ, ಅಲ್ಲಿ ಐದು ನಿಮಿಷ ಕಳೆಯಿರಿ. ಶಿಲ್ಪವಾದರೆ ಹಿಂದೆ ಹೋಗಿ ನೋಡಿ, ಶಿಲ್ಪಿಯ ಕಷ್ಟ ಬೆನ್ನಲ್ಲೇ ಇರುತ್ತದೆ. ಒಡವೆಯ ಕೊಂಡಿ, ತಿರುಪು ಹೇಗಿದೆ ನೋಡಿ. ನಮ್ಮ ಮನೆಗಳಲ್ಲಿ ಹೆಂಗಸರಿಗೆ ಈ ಕಣ್ಣು ಮೊದಲೇ ಇದೆ. ಬೆಂಡೋಲೆಯ ಕಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಒಂದೇ ನೋಟಕ್ಕೆ ಹೇಳುವ ಅಜ್ಜಿಯಂದಿರು ಚಿತ್ರದ ಮುಂದೆ ನಿಂತ ಕೂಡಲೇ "ನಮಗೇನು ಗೊತ್ತಾಗುತ್ತಪ್ಪಾ" ಅನ್ನುತ್ತಾರೆ. ಬೇಕಾಗಿರುವುದು ಅದೇ ಕಣ್ಣು.

ಶಿಲ್ಪ ಮುಟ್ಟಬಹುದಾ? ಆ ಸರ ಒಂದ್ಸಲ ಹಾಕ್ಕೊಂಡು ನೋಡ್ಲಾ?

ಶಿಲ್ಪ ಬೇಡ. ಕೈಯಲ್ಲಿ ಬೆವರು, ಉಪ್ಪು, ಎಣ್ಣೆ ಇರುತ್ತದೆ. ಕಂಚಿನ ಮೇಲೆ ಬೆರಳಿನ ಗುರುತು ಬಿದ್ದರೆ ಹಾಗೇ ಕಚ್ಚಿಕೊಳ್ಳುತ್ತದೆ. ಒಡವೆಯನ್ನು ಕೇಳಿದರೆ ತೆಗೆದುಕೊಡುತ್ತೇವೆ, ಕನ್ನಡಿಯೂ ಇದೆ. ಅದು ಮೈಮೇಲೆ ಕೂತಾಗಲೇ ಪೂರ್ತಿಯಾಗುವ ಕೆಲಸ. ಕೊಳ್ಳದಿದ್ದರೂ ಹಾಕಿಕೊಂಡು ನೋಡಿ.

ಫೋಟೊ?

ತೆಗೆಯಿರಿ, ಫ್ಲ್ಯಾಶ್ ಬೇಡ. ಎಲ್ಲಾದರೂ ಹಾಕುವಾಗ ಕಲಾವಿದರ ಹೆಸರು ಬರೆಯಿರಿ.

ಬೆಂಗಳೂರಲ್ಲಿ ಇಂಥದ್ದೆಲ್ಲ ಇನ್ನೆಲ್ಲಿ ನೋಡ್ಬಹುದು?

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದ ಶುರು ಮಾಡಿ. 1960ರಲ್ಲಿ ಹುಟ್ಟಿದ ಸಂಸ್ಥೆ. ಒಂದು ಕೋಣೆಯಲ್ಲಿ ಮೈಸೂರು ಚಿತ್ರಗಳು, ಇನ್ನೊಂದರಲ್ಲಿ ರಷ್ಯಾ ಮೂಲದ ರೋರಿಕ್ ತಂದೆ-ಮಗನ ಚಿತ್ರಗಳು, ಪಕ್ಕದಲ್ಲಿ ಈ ವಾರಕ್ಕೆ ಕೋಣೆ ಬಾಡಿಗೆಗೆ ಪಡೆದ ಹೊಸ ಕಲಾವಿದರ ಪ್ರದರ್ಶನ. ಜನವರಿಯಲ್ಲಿ ಅದೇ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ, 2003ರಿಂದ. ಜಾತ್ರೆಯೇ ಅದು, ಬೆಳಿಗ್ಗೆ ಬೇಗ ಹೋದರೆ ಮಾತ್ರ ಚಿತ್ರ ಕಾಣುತ್ತದೆ, ಆಮೇಲೆ ತಲೆಗಳು.

ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಮರಗಳ ಕೆಳಗೆ ಶಿಲ್ಪಗಳೂ ಇವೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಇದೆ. ಅದೇ ರಸ್ತೆಯ ಚಿತ್ರಶಾಲೆಗೆ ಹೆಸರು ಕೊಟ್ಟ ಕೆ. ವೆಂಕಟಪ್ಪನವರು ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದವರು. ಪ್ಲಾಸ್ಟರಿನಲ್ಲಿ ಉಬ್ಬು ಶಿಲ್ಪವನ್ನೂ ಮಾಡುತ್ತಿದ್ದರು, ವೀಣೆಯನ್ನೂ ನುಡಿಸುತ್ತಿದ್ದರು. ಒಬ್ಬರಿಗೆ ಒಂದೇ ಕಲೆ ಅನ್ನುವ ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

## ಕೊಳ್ಳುವ ಯೋಚನೆ ಇದ್ದವರು

ಚೀಟಿ ಮೇಲೆ ಕೆಂಪು ಚುಕ್ಕೆ ಅಂಟಿಸಿದ್ದೀರಲ್ಲ, ಏನದು?

ಮಾರಾಟವಾಗಿದೆ ಅಂತ ಅರ್ಥ. ಆದರೂ ಪ್ರದರ್ಶನ ಮುಗಿಯುವವರೆಗೆ ಕೆಲಸ ಇಲ್ಲೇ ಇರುತ್ತದೆ. ಚುಕ್ಕೆ ಬಿದ್ದಿದ್ದು ನಿಮಗೆ ತುಂಬಾ ಇಷ್ಟವಾಗಿದ್ದರೆ ಹೆಸರು ಬರೆಸಿ ಹೋಗಿ. ಕೊಂಡವರು ಮನಸ್ಸು ಬದಲಿಸುವುದೂ ಉಂಟು.

ಈ ಚಿನ್ನದ ಓಲೆ ಮೂರು ಗ್ರಾಂ ಇಲ್ಲ, ಇದಕ್ಕೆ ಇಷ್ಟು ದುಡ್ಡಾ? ಚಿಕ್ಕಪೇಟೆಯಲ್ಲಿ ಅರ್ಧಕ್ಕೆ ಸಿಗತ್ತೆ!

ಸಿಗುತ್ತದೆ, ನಿಜ. ಚಿನ್ನವೇ ಬೇಕಿದ್ದರೆ ಅಲ್ಲೇ ಕೊಳ್ಳಿ. ಕೋಪದಿಂದ ಹೇಳುತ್ತಿಲ್ಲ.

ಅಂಗಡಿಯ ಲೆಕ್ಕ ಹೀಗೆ: ಆ ದಿನದ ರೇಟು, ಇಷ್ಟು ಗ್ರಾಂ, ಅದರ ಮೇಲೆ ಮಜೂರಿ, ಅದರ ಮೇಲೆ ಜಿಎಸ್‌ಟಿ. ತೂಕವೇ ತಳಪಾಯ, ಕೈಕೆಲಸ ಅದರ ಮೇಲೆ ಒಂದಿಷ್ಟು ಪರ್ಸೆಂಟು. ಇಲ್ಲಿ ಉಲ್ಟಾ. ಕಲಾವಿದೆ ಒಂದು ಓಲೆಯ ಮೇಲೆ ಮೂರು ವಾರ ಕೂತಿರಬಹುದು. ಎರಡು ಸಲ ಎರಕ ಕೆಟ್ಟು ಮತ್ತೆ ಮಾಡಿರಬಹುದು. ಅಂಥದ್ದು ಇನ್ನೊಂದು ಇರುವುದಿಲ್ಲ. ಚಿತ್ರದ ಮುಂದೆ ನಿಂತು "ಎಷ್ಟು ಗ್ರಾಂ ಬಣ್ಣ ಹಾಕಿದ್ದೀರಿ" ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಒಡವೆ ಅಂದ ಕೂಡಲೇ ಮಾತ್ರ ನಮ್ಮ ತಲೆಯಲ್ಲಿ ತಕ್ಕಡಿ ಬಂದು ಕೂರುತ್ತದೆ. ತಪ್ಪಲ್ಲ ಅದು. ಕಷ್ಟಕಾಲಕ್ಕೆ ಅಡವಿಟ್ಟು ಮಗನ ಫೀಸು ಕಟ್ಟಿದ ಊರು ನಮ್ಮದು.

ಹಾಗಾಗಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಈ ಓಲೆಯನ್ನು ಮುಂದೆ ಅಂಗಡಿಗೆ ಒಯ್ದರೆ ಅವರು ಬರೀ ಚಿನ್ನದ ಬೆಲೆ ಕೊಡುತ್ತಾರೆ. ಉಳಿತಾಯಕ್ಕೆ ಅಂತ ಕೊಳ್ಳುವವರಿಗೆ ನಾಣ್ಯ ಕೊಳ್ಳಿ ಅಂತಲೇ ಹೇಳಿ ಕಳಿಸುತ್ತೇನೆ. ನಮ್ಮ ಗ್ಯಾಲರಿಯವರಿಗೆ ಇದು ಅಷ್ಟೇನೂ ಖುಷಿಯಲ್ಲ.

ಇನ್ನೊಂದು ಗುಟ್ಟು: ಚಿತ್ರಗಳ ಬೆಲೆಯನ್ನೂ ಎಷ್ಟೋ ಕಡೆ ಅಳತೆಯ ಮೇಲೇ ಕಟ್ಟುತ್ತಾರೆ, ಉದ್ದ ಇಷ್ಟು, ಅಗಲ ಇಷ್ಟು ಅಂತ. ತಕ್ಕಡಿಯ ಬದಲು ಟೇಪು.

ಹಾಲ್‌ಮಾರ್ಕ್ ಇದೆಯಾ? 916 ಅಲ್ಲ ಅಂತೀರಿ, ಹಾಗಾದ್ರೆ ಚಿನ್ನ ಕಲಬೆರಕೆನಾ?

916 ಅಂದರೆ 22 ಕ್ಯಾರೆಟ್, ಸಾವಿರ ಭಾಗದಲ್ಲಿ 916 ಭಾಗ ಚಿನ್ನ. 750 ಅಂದರೆ 18 ಕ್ಯಾರೆಟ್. 585 ಅಂದರೆ 14. ಕಲ್ಲು ಕೂರಿಸುವ ಒಡವೆಗೆ 22 ಕ್ಯಾರೆಟ್ ಮೆದು, ಹಿಡಿಕೆ ಸಡಿಲವಾಗಿ ಕಲ್ಲು ಉದುರುತ್ತದೆ. ಅದಕ್ಕೇ 18 ಬಳಸುತ್ತಾರೆ. ಮೋಸ ಏನಿಲ್ಲ, ಬಿಲ್ಲಿನಲ್ಲಿ ಹಾಗೇ ಬರೆದಿರಬೇಕು ಅಷ್ಟೇ.

ಚಿನ್ನದ ಒಡವೆಗೆ 2023ರ ಏಪ್ರಿಲ್ 1ರಿಂದ ಒಂದೊಂದು ಒಡವೆಗೂ ಬೇರೆಯಾದ, ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಗುರುತು ಕಡ್ಡಾಯ. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಗುರುತು ಹಾಕಿದರೆ ಶುದ್ಧತೆ ಎಷ್ಟು ಅಂತ ನೀವೇ ನೋಡಬಹುದು. 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ, ಕುಂದಣ, ಪೋಲ್ಕಿ, ಜಡಾವು ಅನ್ನುವ ಕಲ್ಲು ಕೂರಿಸುವ ಕೆಲಸಗಳಿಗೆ ವಿನಾಯಿತಿ ಇದೆ. ಬೆಳ್ಳಿಯ ಮೇಲೆ 925 ಅಂತ ಇದ್ದರೆ ನೂರಕ್ಕೆ 92.5 ಭಾಗ ಬೆಳ್ಳಿ. ನಮ್ಮ ಪ್ರದರ್ಶನದಲ್ಲಿ ತಾಮ್ರ, ಬೀಟೆ ಮರ, ಟೆರಾಕೋಟಾ ಒಡವೆಯೂ ಇರುತ್ತದೆ. ಅವುಗಳಲ್ಲಿ ಹಾಲ್‌ಮಾರ್ಕ್ ಹುಡುಕಬೇಡಿ.

ಈ ಕಂಚಿನ ಶಿಲ್ಪದ ಕೆಳಗೆ '3/8' ಅಂತ ಇದೆ. ಅಂದ್ರೆ ಇದು ಒರಿಜಿನಲ್ ಅಲ್ಲ ತಾನೇ?

ಒರಿಜಿನಲ್ಲೇ. ಎಂಟು ಎರಕದಲ್ಲಿ ಇದು ಮೂರನೆಯದು ಅಂತ.

ಕಂಚು ಎರಕ ಹೊಯ್ಯುವ ಹಳೆಯ ದಾರಿ ಮೇಣದ್ದು. ಮೊದಲು ಮೇಣದಲ್ಲಿ ರೂಪ ಮಾಡುತ್ತಾರೆ. ಸುತ್ತ ಮಣ್ಣಿನಂಥ ಕವಚ ಕಟ್ಟಿ ಬಿಸಿ ಮಾಡುತ್ತಾರೆ. ಮೇಣ ಕರಗಿ ಹರಿದುಹೋಗುತ್ತದೆ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಕವಚ ಒಡೆದರೆ ಒಳಗೆ ಶಿಲ್ಪ. ಮೇಣ ಒಂದು ಸಲಕ್ಕೆ ಮುಗಿಯಿತು. ಆದರೆ ಮೂಲ ರೂಪದಿಂದ ರಬ್ಬರಿನ ಅಚ್ಚು ತೆಗೆದಿಟ್ಟಿದ್ದರೆ ಮತ್ತೆ ಮೇಣ ತುಂಬಿ ಇನ್ನೊಂದು ಎರಕ ಹೊಯ್ಯಬಹುದು. ಎಷ್ಟು ಅಂತ ಕಲಾವಿದರು ಮೊದಲೇ ಹೇಳಬೇಕು. ಫ್ರಾನ್ಸಿನ ಪದ್ಧತಿಯಲ್ಲಿ 8 ಪ್ರತಿ, ಕಲಾವಿದರ ಪಾಲಿಗೆ ಇನ್ನು 4, ಒಟ್ಟು 12ಕ್ಕೆ ನಿಲ್ಲಿಸುತ್ತಾರೆ. ಬಹಳ ಕಡೆ ಅದನ್ನೇ ಪಾಲಿಸುತ್ತಾರೆ. ಸಂಖ್ಯೆಯೇ ಇಲ್ಲದ ಕಂಚು ಕಂಡರೆ "ಇನ್ನೆಷ್ಟು ಇವೆ?" ಅಂತ ಕೇಳಿಯೇ ಕೊಳ್ಳಿ.

ಅಂದ ಹಾಗೆ, ಪಕ್ಕದ ಪೆಟ್ಟಿಗೆಯಲ್ಲಿರುವ ಉಂಗುರವೂ ಇದೇ ಮೇಣದ ದಾರಿಯಲ್ಲೇ ಬಂದಿದ್ದು. ಬೆರಳ ತುದಿಯಷ್ಟು ಮೇಣ, ಅಷ್ಟೇ.

ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಅನ್ಬಹುದಾ?

ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಅವೆನ್ಯೂ ರಸ್ತೆಯ ಥರ ಅರ್ಧದಿಂದ ಶುರು ಮಾಡಬೇಡಿ. ಒಂದಿಷ್ಟು ಬಿಡಬಹುದು, ಬಿಡದೆಯೂ ಇರಬಹುದು. ಕಂತಿನಲ್ಲಿ ಕಟ್ಟುತ್ತೇನೆ ಅಂದರೆ ಬೇಗ ಒಪ್ಪುತ್ತಾರೆ. ಮೇಷ್ಟರೊಬ್ಬರು ಆರು ಕಂತಿನಲ್ಲಿ ಒಂದು ಜಲವರ್ಣ ಕೊಂಡರು. ಪ್ರತಿ ತಿಂಗಳು ದುಡ್ಡು ಕಟ್ಟಲು ಬಂದು ಅರ್ಧ ಗಂಟೆ ಅದರ ಮುಂದೆ ಕೂತು ಹೋಗುತ್ತಿದ್ದರು. ಇಲ್ಲಿ ನೋಡಿ, ಆಮೇಲೆ ಕಲಾವಿದರ ಮನೆಗೇ ಹೋಗಿ ಕಡಿಮೆಗೆ ಕೇಳುವುದು ಮಾತ್ರ ಬೇಡ. ಕಲಾವಿದರನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಹಾಗೆ ಅದು.

ಜಿಎಸ್‌ಟಿ ಎಷ್ಟು? ಕ್ಯಾಶ್ ಕೊಟ್ರೆ ನಡೆಯುತ್ತಾ?

ಚಿತ್ರ, ಶಿಲ್ಪಗಳಿಗೆ ಮೊದಲು ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ಚಿನ್ನದ ಒಡವೆಗೆ ಶೇ. 3. ಒಂದೇ ಪ್ರದರ್ಶನ, ಎರಡು ದರ, ಬಿಲ್ಲು ಬರೆಯುವವರ ತಲೆಬಿಸಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ. ಬಿಲ್ಲಿನ ಜೊತೆ ಕಲಾವಿದರ ಸಹಿ ಇರುವ ದೃಢೀಕರಣ ಪತ್ರ ಕೇಳಿ ಪಡೆಯಿರಿ: ಹೆಸರು, ವರ್ಷ, ಅಳತೆ, ಯಾವುದರಿಂದ ಮಾಡಿದ್ದು, ಒಂದು ಫೋಟೊ. ಒಡವೆಗೆ ತೂಕ, ಕಲ್ಲಿನ ವಿವರವೂ ಬೇಕು.

ಮುಂದೆ ಇದರ ಬೆಲೆ ಏರುತ್ತಾ?

ಕೆಲವರದು ಏರುತ್ತದೆ, ಬಹಳಷ್ಟು ಜನರದು ಇಲ್ಲ. ದಿನಾ ನೋಡಿದರೂ ಬೇಜಾರಾಗದ್ದನ್ನು ಕೊಳ್ಳಿ.

## ಮನೆಗೆ ಒಯ್ದ ಮೇಲೆ

ಮಳೆಗಾಲದಲ್ಲಿ ಗೋಡೆ ಥಂಡಿ ಹಿಡಿಯುತ್ತೆ. ಪೇಂಟಿಂಗ್ ಹಾಳಾಗಲ್ವಾ?

ಆಗುತ್ತದೆ. ಮಳೆ ಹೊಡೆಯುವ ಗೋಡೆ, ಬಚ್ಚಲಿನ ಹಿಂಬದಿ ಗೋಡೆ, ನೇರ ಬಿಸಿಲು ಬೀಳುವ ಗೋಡೆ, ಮೂರೂ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿಯ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಕಾಗದದ ಮೇಲಿನ ಚಿತ್ರಕ್ಕೆ ಗಾಜು ಬೇಕು, ಆದರೆ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ (ಸುತ್ತ ಕೂರಿಸುವ ದಪ್ಪ ರಟ್ಟು) ಇರಲಿ. ಎಣ್ಣೆ ಬಣ್ಣ ಮುಟ್ಟಿದರೆ ಒಣಗಿದ ಹಾಗಿದ್ದರೂ ಒಳಗೆ ಪೂರ್ತಿ ಒಣಗಲು ಆರು ತಿಂಗಳಿಂದ ವರ್ಷ ಬೇಕು. ಹೊಸದಕ್ಕೆ ಪ್ಲಾಸ್ಟಿಕ್ ಸುತ್ತಿಡಬೇಡಿ. ಒದ್ದೆ ಬಟ್ಟೆಯನ್ನಂತೂ ತಾಗಿಸಲೇಬೇಡಿ.

ಕಂಚು ಕಪ್ಪಗಾಗಿದೆ. ಪೀತಾಂಬರಿ ಹಾಕಿ ತಿಕ್ಕಲಾ?

ದಯವಿಟ್ಟು ಬೇಡ! ಹುಣಸೆಹಣ್ಣೂ ಬೇಡ. ಆ ಕಪ್ಪು, ಆ ಹಸಿರು ಕೊಳೆಯಲ್ಲ. ಶಿಲ್ಪಿ ಬೆಂಕಿ, ರಾಸಾಯನಿಕ ಹಚ್ಚಿ ಬೇಕಂತಲೇ ತರಿಸಿದ ಬಣ್ಣ. ಅದಕ್ಕೆ ಪಟಿನಾ ಅನ್ನುತ್ತಾರೆ. ಹಬ್ಬದ ಹಿಂದಿನ ದಿನ ದೇವರ ಸಾಮಾನಿನ ಜೊತೆ ಶಿಲ್ಪವನ್ನೂ ಫಳಫಳ ಬೆಳಗಿಟ್ಟ ಮನೆಯೊಂದು ನನಗೆ ಗೊತ್ತು. ಶಿಲ್ಪಿ ನೋಡಿ ಮಾತಾಡದೆ ಕಾಫಿ ಕುಡಿದು ಎದ್ದುಬಂದರು. ಮೆತ್ತನೆಯ ಒಣ ಬ್ರಶ್ಶಿನಲ್ಲಿ ಧೂಳು ತೆಗೆದರೆ ಸಾಕು.

ಮುತ್ತಿನ ಸರ, ಬೆಳ್ಳಿ ಬಳೆ ಹೇಗೆ ಇಡ್ಬೇಕು?

ಮುತ್ತು, ಹವಳ ಆಮ್ಲಕ್ಕೆ ಸವೆಯುತ್ತವೆ. ಸೆಂಟು, ಪೌಡರು ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಿ, ಬಂದ ಕೂಡಲೇ ಮೊದಲು ತೆಗೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಪಚ್ಚೆಗೆ ಬಿಸಿನೀರು ಬೇಡ, ಅದರ ಬಿರುಕುಗಳಿಗೆ ಎಣ್ಣೆ ತುಂಬಿಸಿರುತ್ತಾರೆ. ಬೆಳ್ಳಿಯನ್ನು ಗಾಳಿಯಾಡದ ಕವರಿನಲ್ಲಿಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

## ಇನ್ನೂ ಒಳಗಿನ ಪ್ರಶ್ನೆಗಳು

ದುಡ್ಡು ಕೊಟ್ಟು ಕೊಂಡಿದ್ದೀನಿ. ಈ ಚಿತ್ರ ಹಾಕಿ ಕಂಪನಿ ಕ್ಯಾಲೆಂಡರ್ ಮಾಡಿಸಬಹುದಾ?

ಕೇಳದೆ ಮಾಡುವಂತಿಲ್ಲ. ಚಿತ್ರ ನಿಮ್ಮದು, ಅದರ ನಕಲು ತೆಗೆಯುವ ಹಕ್ಕು ಕಲಾವಿದರದು. ಬರವಣಿಗೆಯಲ್ಲಿ ಬಿಟ್ಟುಕೊಟ್ಟರೆ ಮಾತ್ರ ನಿಮಗೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಆ ಹಕ್ಕು ಕಲಾವಿದರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ಅದೇ ಕಾಯ್ದೆಯಲ್ಲಿ ಇನ್ನೊಂದು ಅಂಶ ಇದೆ: ಮೂಲ ಚಿತ್ರ ಅಥವಾ ಶಿಲ್ಪ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಕಲಾವಿದರು ಪಾಲು ಕೇಳಬಹುದು, ಶೇ. 10 ಮೀರದಂತೆ.

ಒಡವೆ ಮಾಡುವವರಿಗೆ ಒಂದು ಕಿವಿಮಾತು. ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಅದರ ಕೃತಿಸ್ವಾಮ್ಯ ಹೋಗುತ್ತದೆ. ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸಿಕೊಳ್ಳಿ.

ಸರ ಹಳೇದಾದ್ಮೇಲೆ ಕರಗಿಸಿ ಬಳೆ ಮಾಡಿಸಿದ್ರೆ ಕಲಾವಿದರಿಗೆ ಬೇಜಾರಾಗುತ್ತಾ?

ಆಗುತ್ತದೆ. ನಮ್ಮಲ್ಲಿ ಅಜ್ಜಿಯ ಅಡ್ಡಿಕೆ ಕರಗಿ ಅಮ್ಮನ ಬಳೆಯಾಗಿ, ಅದು ಕರಗಿ ಮಗಳ ಚೈನಾಗುವುದು ಮಾಮೂಲು. ಅದರಲ್ಲೂ ಒಂದು ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಶಿಲ್ಪವನ್ನು ಯಾರೂ ಕರಗಿಸಿ ಬಿಂದಿಗೆ ಮಾಡಿಸುವುದಿಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಕೃತಿಯನ್ನು ಕಿತ್ತು ಗೋದಾಮಿಗೆ ಹಾಕಿದ್ದಕ್ಕೆ ಅವರು ಸರ್ಕಾರದ ಮೇಲೇ ಮೊಕದ್ದಮೆ ಹೂಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ತೀರ್ಪು ಕೊಟ್ಟಿತು. ಮಾರಿದ ಮೇಲೂ ಕೃತಿಯ ಜೊತೆ ಕಲಾವಿದರ ನಂಟು ಉಳಿಯುತ್ತದೆ ಅನ್ನುವುದಕ್ಕೆ ಅದೇ ಉದಾಹರಣೆ. ಸರ ಉದ್ದವಾಯಿತು, ಉಂಗುರ ಬಿಗಿಯಾಯಿತು ಅಂದರೆ ಮಾಡಿದವರಿಗೇ ಕೊಡಿ, ಖುಷಿಯಿಂದ ಸರಿಮಾಡಿಕೊಡುತ್ತಾರೆ.

ಅಮೆರಿಕದಲ್ಲಿರೋ ಮಗಳಿಗೆ ಕಳಿಸ್ಬಹುದಾ?

ಈಗಿನ ಕಲಾವಿದರ ಚಿತ್ರ, ಶಿಲ್ಪ ಕಳಿಸಬಹುದು, ಬಿಲ್ಲು ಜೊತೆಗಿರಲಿ. ನೂರು ವರ್ಷ ದಾಟಿದ ಶಿಲ್ಪ, ಚಿತ್ರಗಳನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಒಂಬತ್ತು ಕಲಾವಿದರ ಕೆಲಸವೂ ದೇಶ ಬಿಡುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್ ಅವರಲ್ಲಿ ಸೇರಿದ್ದಾರೆ. ನಿಕೊಲಸ್ ರೋರಿಕ್ ಕೂಡ. ನಮ್ಮ ತಾತಗುಣಿ ತೋಟದಲ್ಲಿ ದೇವಿಕಾ ರಾಣಿಯವರ ಜೊತೆ ಇದ್ದ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ.

ನಾನೂ ಒಡವೆ ಮಾಡ್ತೀನಿ. ನಂದೂ ಹಾಕ್ತೀರಾ? ಗ್ಯಾಲರಿ ಎಷ್ಟು ಹಿಡ್ಕೊಳುತ್ತೆ?

ಹತ್ತು ಒಳ್ಳೆಯ ಫೋಟೊ ಕಳಿಸಿ, ನೂರು ಬೇಡ. ಮಾರಾಟವಾದರೆ ಗ್ಯಾಲರಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಟ್ಟುಕೊಳ್ಳುತ್ತದೆ. ಕೇಳಿ ಗಾಬರಿಯಾಗಬೇಡಿ, ಬಾಡಿಗೆ, ದೀಪ, ಇನ್ಶೂರೆನ್ಸು ಅದರಲ್ಲೇ ಬರಬೇಕು. ಚಿನ್ನದ ವಿಷಯದಲ್ಲಿ ಮಾತ್ರ ಜಗ್ಗಾಡಿ: ಲೋಹ, ಕಲ್ಲಿನ ಖರ್ಚು ಕಳೆದು ಉಳಿದದ್ದರ ಮೇಲೆ ಪಾಲು ಹಾಕಿ ಅನ್ನಿ. ಇಲ್ಲದಿದ್ದರೆ ಕೈಯಿಂದ ದುಡ್ಡು ಹೋಗುತ್ತದೆ. ಒಂದೊಂದು ಒಡವೆಯ ತೂಕ, ಫೋಟೊ, ಕೊಟ್ಟ ತಾರೀಕು ಬರೆದು ಎರಡೂ ಕಡೆಯವರು ಸಹಿ ಹಾಕಬೇಕು. ಸ್ನೇಹದ ಮೇಲೆ ಬಿಟ್ಟ ಒಂದು ಜೊತೆ ಓಲೆಯಲ್ಲಿ ಒಂದೇ ವಾಪಸ್ ಬಂದದ್ದು ನನಗೇ ಆಗಿದೆ.

ಮೂರನ್ನೂ ಒಂದೇ ಕೋಣೆಯಲ್ಲಿ ಹೇಗೆ ಜೋಡಿಸ್ತೀರಿ?

ನೆಲದಿಂದ ಶುರು. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೊ. ಮೊದಲನೇ ಮಹಡಿಯ ಗ್ಯಾಲರಿಯೊಂದರಲ್ಲಿ ಕಲ್ಲಿನ ನಂದಿ ಲಿಫ್ಟಿಗೆ ಹಿಡಿಸದೆ ಆರು ಜನ ಹಗ್ಗ ಕಟ್ಟಿ ಮೆಟ್ಟಿಲಲ್ಲಿ ಏರಿಸಿದರು. ಅದು ಎಲ್ಲಿ ನಿಂತಿತೋ ಅದೇ ಅದರ ಜಾಗ. ಪಟ್ಟಿಯಲ್ಲಿ ಬರೆದಿದ್ದ ಮೂಲೆಗೆ ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೆ ಗೋಡೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಕೊನೆಗೆ ಒಡವೆ, ಅದೇ ಕಷ್ಟ. ಆರಡಿ ಕ್ಯಾನ್ವಾಸಿನ ಪಕ್ಕ ಮೂಗುಬೊಟ್ಟು ಇಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಕಿನ ಜಗಳ ಬೇರೆ. ಜಲವರ್ಣಕ್ಕೆ ಬೆಳಕು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮೀರಿದರೆ ಬಣ್ಣ ಮಾಸುತ್ತದೆ. ವಜ್ರಕ್ಕೆ ಚೂಪಾದ ಬೆಳಕು ಬೀಳದಿದ್ದರೆ ಗಾಜಿನ ಚೂರು. ಮುತ್ತಿಗೆ ಮೆದು ಬೆಳಕೇ ಚೆಂದ.

ಮೊದಲೆಲ್ಲ ಒಡವೆಗಳನ್ನು ವೆಲ್ವೆಟ್ ಕುತ್ತಿಗೆಯ ಬೊಂಬೆಗೆ ಹಾಕುತ್ತಿದ್ದೆವು. ಬಂದವರೆಲ್ಲ ನೇರ ಅಲ್ಲಿಗೆ ಹೋಗಿ ರೇಟು ಕೇಳುತ್ತಿದ್ದರು. ಒಂದು ಸಲ ಬೊಂಬೆ ಸಾಲಲಿಲ್ಲ ಅಂತ ಒಂದು ಸರವನ್ನು ಒರಟು ಕಲ್ಲುಚಪ್ಪಡಿಯ ಮೇಲೆ ಸುಮ್ಮನೆ ಮಲಗಿಸಿದೆವು. ಆ ದಿನ ಅದರ ಮುಂದೆ ಜನ ಬಗ್ಗಿ ನೋಡಿದರು, ಸುತ್ತ ಒಂದು ಸುತ್ತು ಬಂದರು. ಗ್ರಾಂ ಎಷ್ಟು ಅಂತ ಮಧ್ಯಾಹ್ನದವರೆಗೆ ಯಾರೂ ಕೇಳಲಿಲ್ಲ. ಆವತ್ತಿಂದ ಬೊಂಬೆಗಳು ಅಟ್ಟದ ಮೇಲಿವೆ.

ರಾತ್ರಿ ಒಡವೆ ಎಲ್ಲ ಇಲ್ಲೇ ಬಿಡ್ತೀರಾ?

ಈ ಪ್ರಶ್ನೆ ಕೇಳಿದವರ ಮುಖ ಒಂದು ಸಲ ಸರಿಯಾಗಿ ನೋಡಿಕೊಳ್ಳುತ್ತೇನೆ. ಇಲ್ಲ, ಬಿಡುವುದಿಲ್ಲ. ಸಂಜೆ ಬಾಗಿಲು ಹಾಕಿದ ಮೇಲೆ ಇಬ್ಬರು ಕೂತು ಒಂದೊಂದನ್ನೂ ಎಣಿಸಿ, ತೂಗಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಲಾಕರಿಗೆ ಸಾಗಿಸುತ್ತೇವೆ. ಹೌದು, ಆ ಹೊತ್ತಿಗೆ ನಾವೂ ತಕ್ಕಡಿ ತೆಗೆಯುತ್ತೇವೆ.